ಬಲತುದಿಯಲ್ಲಿ ನಿಂತಿದ್ದವರು

ಎಡಗಡೆಯಿಂದ ಮತ್ತೆ ಎಣಿಸಿದೆ. ಕುರ್ಚಿಯಲ್ಲಿ ಕೂತವರು ಐವರು, ಅವರ ಹಿಂದೆ ಆರು, ಕೊನೆಯ ಸಾಲಿನಲ್ಲಿ ಏಳು. ಹದಿನೆಂಟು.

“ನಾವ್ ನಿಂತಿದ್ದು ಹತ್ತೊಂಬತ್ತು,” ಎಂದರು ಗೋವಿಂದಮ್ಮ. “ಬೆರಳಿಟ್ಟು ಎಣಿಸವ್ವ.”

ಬೆರಳಿಟ್ಟು ಎಣಿಸಿದೆ. ನಾನು ಒಂದೊಂದು ಮುಖ ಮುಟ್ಟಿದ ಹಾಗೆ ಅವರು ಒಂದೊಂದು ಹೆಸರು ಹೇಳುತ್ತ ಬಂದರು. ಎಂಬತ್ತೇಳು ವರ್ಷ, ಒಂದು ಕಣ್ಣಿನಲ್ಲಿ ಪೊರೆ, ಓದು ಬಾರದು. ಆದರೂ ಒಂದು ಹೆಸರೂ ಹೆಚ್ಚುಕಮ್ಮಿ ಆಗಲಿಲ್ಲ. ನನ್ನ ಬೆರಳು ಬಲಗಡೆಯ ಬಿಳಿ ಅಂಚು ಮುಟ್ಟಿದಾಗ ಅವರ ಬಾಯಲ್ಲಿ ಇನ್ನೊಂದು ಹೆಸರು ಉಳಿದಿತ್ತು.

“ಸಂಜೀವ,” ಎಂದರು, ಆ ಬಿಳಿ ಅಂಚಿನ ಕಡೆ ನೋಡಿ.

ಆ ಫೋಟೊ ತೆಗೆದವಳು ನಾನು. ಒಂದು ತಿಂಗಳ ಹಿಂದೆ ಸುಬ್ರಹ್ಮಣ್ಯಪುರದ ಸಮುದಾಯ ಭವನದಲ್ಲಿ ಈ ಮನೆಯ ಹುಡುಗ ಸುಮೇಧನ ಮದುವೆ ಆಗಿತ್ತು. ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ ಜೆರಾಕ್ಸ್ ಅಂಗಡಿಯ ಮೇಲೆ ನಾನೂ ಪ್ರಮೋದನೂ ಸೇರಿ ಒಂದು ಸ್ಟುಡಿಯೊ ನಡೆಸುತ್ತೇವೆ. ಸ್ಟುಡಿಯೊ ಎಂದರೆ ಒಂದು ಕೋಣೆ, ಎರಡು ಕಂಪ್ಯೂಟರು. ನಮ್ಮ ಬೋರ್ಡು ನೋಡಿ ಮೆಟ್ಟಿಲು ಹತ್ತುವವರು ಇಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳಬೇಕು, ‘ಲತಾಮಣಿ ಅಂತ ಒಂದು ಹುಡುಗಿ, ಚೆನ್ನಾಗಿ ತೆಗೀತಾಳೆ’ ಎಂದು. ಇವರ ಮನೆಯಿಂದ ಫೋನು ಬಂದಾಗ ಇನ್ನೊಂದು ಕೆಲಸ ಸಿಕ್ಕಿತು ಎಂದುಕೊಂಡೇ ಬಂದಿದ್ದೆ. ಬಂದು ನೋಡಿದರೆ ನಡುಮನೆಯಲ್ಲಿ ಅಜ್ಜಿ, ಅವರ ಕಿರಿಯ ಮಗ ಮುನಿರಾಜು, ಮುನಿರಾಜು ಅವರ ಮಗ ಸುಮೇಧ ಮೂವರೂ ಕಾದು ಕೂತಿದ್ದರು. ಟೀಪಾಯಿಯ ಮೇಲೆ ಚೌಕಟ್ಟಿನಿಂದ ಬಿಡಿಸಿದ ಫೋಟೊ. ಕೂರು ಎಂದರು. ಕಾಫಿ ಬೇಕೇ ಎಂದು ಯಾರೂ ಕೇಳಲಿಲ್ಲ.

ಕಾಣೆಯಾದ ಸಂಜೀವಯ್ಯ ಗೋವಿಂದಮ್ಮನವರ ಹಿರಿಯ ಮಗ. ಒಂದೇ ಕಾಂಪೌಂಡಿನ ಎರಡನೇ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಸಿಟಿ ಬಸ್ಸುಗಳಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಈ ಕುಟುಂಬವನ್ನು ಬೌದ್ಧ ಧಮ್ಮಕ್ಕೆ ಕರೆತಂದವರೂ ಅವರೇ. ಸುಮೇಧ ಎಂಬ ಹೆಸರು ಇಟ್ಟವರೂ ಅವರೇ. ಮದುವೆಯ ದಿನ ಬುದ್ಧನ ವಿಗ್ರಹದ ಮುಂದೆ ಮೇಣದ ಬತ್ತಿ ಹಚ್ಚಿ, ಬಿಳಿ ಬಟ್ಟೆ ಉಟ್ಟ ಎಲ್ಲರಿಂದಲೂ ಪಂಚಶೀಲ ಹೇಳಿಸಿದ್ದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ. ಹಾಗೆಂದು ಅವರು ಅಂದುಕೊಂಡಿದ್ದರು. ಆದರೆ ಮದುವೆ ಪತ್ರಿಕೆಯಲ್ಲಿ ಹತ್ತು ಗಂಟೆ ನಲವತ್ತು ನಿಮಿಷ ಎಂದು ಅಚ್ಚಾಗಿತ್ತು. ಹತ್ತೂವರೆ ಅಲ್ಲ, ಹನ್ನೊಂದೂ ಅಲ್ಲ. ಆ ಹತ್ತು ನಿಮಿಷ ಎಲ್ಲಿಂದ ಬಂತು ಎಂದು ಮಾಜಿ ಇನ್ಸ್‌ಪೆಕ್ಟರು ತಮ್ಮನನ್ನು ಕೇಳಿದ್ದರು. ಹೆಣ್ಣಿನ ಕಡೆಯವರು ಎಲ್ಲೋ ಜ್ಯೋತಿಷ್ಯ ಕೇಳಿಕೊಂಡು ಬಂದರು, ತಾನು ಹೂಂ ಅಂದೆ ಎಂದು ಮುನಿರಾಜು ಒಪ್ಪಿಕೊಂಡಿದ್ದರು. ಮಾತು ಅಲ್ಲಿಗೆ ಮುಗಿದಿತ್ತು, ಮದುವೆಯೂ ನಡೆದಿತ್ತು.

ಆಮೇಲೆ ಫೋಟೊ ಬಂತು. ಅದು ಹನ್ನೊಂದು ದಿನ ಗೋಡೆಯ ಮೇಲಿತ್ತು. ಹನ್ನೆರಡನೆಯ ದಿನ ಅಜ್ಜಿ ಅದನ್ನು ಇಳಿಸಿಕೊಡು ಎಂದು ಕೇಳಿ, ಮಡಿಲಲ್ಲಿಟ್ಟುಕೊಂಡು ಎಣಿಸಿದರು. ಅಂದಿನಿಂದ ಸಂಜೀವಯ್ಯ ಈ ಮನೆಯ ಹೊಸಿಲು ದಾಟಿಲ್ಲ. ದಿನಾ ಬೆಳಿಗ್ಗೆ ಅಮ್ಮನ ಪಕ್ಕ ಕೂತು ಮುದ್ದೆಯೋ ಚಿತ್ರಾನ್ನವೋ ತಿಂದು ಹೋಗುತ್ತಿದ್ದವರು, ತನ್ನನ್ನು ಕತ್ತರಿಸಿದ್ದು ಯಾರೆಂದು ಗೊತ್ತಾಗುವ ತನಕ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಅಜ್ಜಿಗೆ ಬೇಕಾಗಿದ್ದು ಒಂದೇ, ಮಗ ಮತ್ತೆ ಬಂದು ಪಕ್ಕದಲ್ಲಿ ಕೂರಬೇಕು. ಅದಕ್ಕೇ ನನ್ನನ್ನು ಕರೆಸಿದ್ದರು.

ಆ ನಡುಮನೆಯಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಅನುಮಾನ ಇತ್ತು. ಮುನಿರಾಜು ಅವರ ಪ್ರಕಾರ ಇದು ಅಣ್ಣನ ಕೆಲಸ.

“ಕ್ಲಿಕ್ ಅನ್ನೋ ಟೈಮಿಗೆ ಸರೀಗೆ ಪಕ್ಕಕ್ಕೆ ಸರ್ಕಂಡವ್ರೆ,” ಎಂದರು. “ಆಮೇಲ್ ಕತ್ತರಿಸಿದ್ರು ಅಂತ ಹೇಳ್ಬೋದಲ್ಲ. ನಮ್ಮಣ್ಣ ನಂಗೊತ್ತು.”

ಸುಮೇಧನ ಅನುಮಾನ ನನ್ನ ಮೇಲೆ. ಅವನು ಮದುವೆಗೆ ಮುಂಚೆ ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದು, ಫುಲ್ ಫ್ರೇಮ್ ಕ್ಯಾಮೆರಾ ಇದ್ದರೆ ಮಾತ್ರ ಒಪ್ಪುತ್ತೇನೆ ಎಂದವನು. ಸೆನ್ಸರ್ ಎಂದರೆ ಹಿಂದೆ ಫಿಲ್ಮು ಕೂರುತ್ತಿದ್ದ ಜಾಗದಲ್ಲಿ ಈಗ ಕೂತಿರುವ, ಬೆಳಕು ಹಿಡಿಯುವ ಬಿಲ್ಲೆ. ಫುಲ್ ಫ್ರೇಮಿನಲ್ಲಿ ಅದು ಹಳೆಯ ಫಿಲ್ಮಿನಷ್ಟೇ ದೊಡ್ಡದು. ಚಿಕ್ಕ ಕ್ಯಾಮೆರಾಗಳಲ್ಲಿ ಅಗಲ ಮೂರರಲ್ಲಿ ಎರಡು ಪಾಲು. ನಮ್ಮಲ್ಲಿ ಎರಡೂ ಒಂದೊಂದಿವೆ. ನಾಲ್ಕು ವರ್ಷ ಚಿಕ್ಕದರಲ್ಲೇ ದುಡಿದು, ಹೋದ ವರ್ಷ ಒಂದು ಹಳೆಯ ಫುಲ್ ಫ್ರೇಮ್ ಕೊಂಡಿದ್ದೆವು. ಅದು ಬೇಕು ಎಂದು ಹಟ ಹಿಡಿದವಳು ನಾನು. ಪ್ರಮೋದನಿಗೆ ಬೇಕಿರಲಿಲ್ಲ. ಗೋಡೆಗೆ ಹಾಕೋ ಫೋಟೊ ಯಾವ ಸೆನ್ಸರಿಂದ ಬಂತು ಅಂತ ಗೋಡೆ ಕೇಳಲ್ಲ ಮಗಾ, ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಸುಮೇಧ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ. ನಾವು ಕಳಿಸಿದ ಫೈಲಿನ ವಿವರಗಳು ತೆರೆದಿದ್ದವು. ಕ್ಯಾಮೆರಾದ ಹೆಸರು ಸರಿಯಾಗಿಯೇ ಇತ್ತು, ಫುಲ್ ಫ್ರೇಮಿನದೇ. ಆದರೆ ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ ಇರಬೇಕಾದ ಚಿತ್ರ ಹತ್ತೂ ಇರಲಿಲ್ಲ.

“ಹೆಸರು ತಿದ್ದಬೋದು ಅಕ್ಕ,” ಎಂದ ಅವನು, ಬಹಳ ಮೆತ್ತಗೆ. “ಚಿಕ್ಕ ಕ್ಯಾಮೆರಾದಲ್ಲಿ ತೆಗ್ದಿದೀರ ಅಲ್ವಾ?”

ಇಲ್ಲ ಎಂದೆ. ಅದು ನಿಜವೇ ಆಗಿತ್ತು. ಅಷ್ಟೇ ಅಲ್ಲ, ನಮ್ಮ ಚಿಕ್ಕ ಕ್ಯಾಮೆರಾ ಕೂಡ ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ಲಿನದೇ. ಬಿಲ್ಲೆ ಚಿಕ್ಕದು, ಚುಕ್ಕೆಗಳು ಅಷ್ಟೇ. ಹಾಗಾದರೆ ಎರಡರಲ್ಲಿ ಯಾವುದರಿಂದ ತೆಗೆದಿದ್ದರೂ ಹತ್ತು ಬರಲು ಸಾಧ್ಯವಿಲ್ಲ. ಯಾರಾದರೂ ಆಮೇಲೆ ಕೂತು ಸುತ್ತಲೂ ಕತ್ತರಿಸಿದ್ದರೆ ಮಾತ್ರ ಬರುತ್ತದೆ.

ಇದು ಹೊಳೆದ ಮೇಲೆ ಫೋಟೊವನ್ನು ಇನ್ನೊಮ್ಮೆ ನೋಡಿದೆ. ಕೂತವರ ಪಾದಗಳು ಇರಲಿಲ್ಲ. ವೇದಿಕೆಯ ಎಡತುದಿಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ಬುದ್ಧನ ವಿಗ್ರಹ ಇತ್ತು. ನನಗೆ ಚೆನ್ನಾಗಿ ನೆನಪಿತ್ತು, ಅದೂ ಬರಲಿ ಎಂದೇ ಅಲ್ಲಿಂದ ಇಲ್ಲಿಯವರೆಗೆ ಹಿಡಿದಿದ್ದೆ. ಈಗ ಎಡಗಡೆ ಮೇಜೂ ಇಲ್ಲ, ಬುದ್ಧನೂ ಇಲ್ಲ.

“ಬುದ್ಧನ್ನೂ ತೆಗ್ದವ್ರೆ, ನನ್ನನ್ನೂ ತೆಗ್ದವ್ರೆ ಅಂತ ಹೇಳ್ಕಂಡು ಓಡಾಡ್ತಾ ಅವ್ನೆ,” ಎಂದರು ಗೋವಿಂದಮ್ಮ. ಆಮೇಲೆ ನನ್ನನ್ನೇ ದಿಟ್ಟಿಸಿ, “ಕಾಸು ಇಸ್ಕೊಳ್ಳೋವಾಗ ಫುಲ್ಲು ಫುಲ್ಲು ಅಂತಿದ್ರಿ,” ಎಂದರು.

ಎರಡು ದಿನ ಕೊಡಿ ಎಂದು ಕೇಳಿ ಎದ್ದೆ.

ಉತ್ತರಹಳ್ಳಿಗೆ ಆಟೋದಲ್ಲಿ ಬರುವಾಗ ನನ್ನ ತಲೆಯಲ್ಲಿ ಒಂದೇ ದೃಶ್ಯ. ಮದುವೆಯ ದಿನ ಊಟದ ಮನೆಯ ಬಾಗಿಲಲ್ಲಿ ಮುನಿರಾಜು ಪ್ರಮೋದನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿದ್ದರು. ಪ್ರಮೋದ ತಲೆಯಾಡಿಸುತ್ತಿದ್ದ. ಆಗ ಅದು ಏನೂ ಅನ್ನಿಸಿರಲಿಲ್ಲ. ಮದುವೆಮನೆಯಲ್ಲಿ ಗಂಡಿನ ಅಪ್ಪ ಫೋಟೊದವರ ಹೆಗಲ ಮೇಲೆ ಕೈ ಹಾಕದೆ ಇರುತ್ತಾರೆಯೇ. ಈಗ ಅದೇ ಕೈ ಬೇರೆ ಥರ ಕಾಣತೊಡಗಿತು. ಅನುಮಾನ ಹುಟ್ಟಿದ ಮೇಲೆ ಹಳೆಯ ದೃಶ್ಯಗಳೆಲ್ಲ ಹೊಸದಾಗಿ ಎಡಿಟ್ ಆಗುತ್ತವೆ. ಪ್ರಮೋದ ಆ ಮದುವೆಯ ಫೈಲುಗಳನ್ನು ನನಗೆ ತೋರಿಸದೆ ತಾನೇ ಮುಗಿಸುತ್ತೇನೆ ಎಂದಿದ್ದು, ಪ್ರಿಂಟು ತಾನೇ ಕೊಂಡುಹೋಗಿ ಕೊಟ್ಟಿದ್ದು, ಮುನಿರಾಜು ಈಚೆಗೆ ನನ್ನ ಬದಲು ಅವನಿಗೇ ಫೋನು ಮಾಡುವುದು. ಐದು ವರ್ಷದ ಪಾಲುದಾರ ಅರ್ಧ ಗಂಟೆಯಲ್ಲಿ ನನಗೆ ಅಪರಿಚಿತನಾದ.

ಮೆಟ್ಟಿಲು ಹತ್ತಿ ಕೇಳಿದೆ. ಸುತ್ತಿ ಬಳಸಲಿಲ್ಲ, ಯಾರು ಹೇಳಿ ಮಾಡಿಸಿದರು ಎಂದೇ ಕೇಳಿದೆ.

ಪ್ರಮೋದ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಅವನು ಸಿಟ್ಟು ಮಾಡಿಕೊಳ್ಳುವವನಲ್ಲ, ಮುಖ ಸಪ್ಪಗೆ ಮಾಡಿಕೊಳ್ಳುವವನು. ಊಟದ ಮನೆ ಬಾಗಿಲಲ್ಲಿ ಮುನಿರಾಜು ಕೇಳಿದ್ದು ಹೋಳಿಗೆ ತಿಂದೆಯಾ ಎಂದು, ಎಂದ. ಬೇಕಾದರೆ ಹೋಗಿ ಅವರನ್ನೇ ಕೇಳು ಎಂದ. ನಾನು ಕದಲಲಿಲ್ಲ. ಮೂಲ ಫೈಲು ತೆಗೆ ಎಂದೆ. ಕ್ಯಾಮೆರಾದಿಂದ ನೇರ ಬಂದ, ಯಾರೂ ಮುಟ್ಟದ ಫೈಲು.

ತೆಗೆದ. ಮೂಲ ಚಿತ್ರದ ಬಲ ಅಂಚಿನಲ್ಲಿ ಒಂದು ಬಿಳಿ ತೋಳು, ಆ ತೋಳಿನ ತುದಿಗೆ ಒಂದು ಕೈ. ಅಷ್ಟೇ. ಪ್ರಿಂಟಿನಲ್ಲಿ ಆ ಕೈಯೂ ಇರಲಿಲ್ಲ.

“ಇದನ್ನ ಕತ್ತರಿಸಿದ್ದು ನೀನು,” ಎಂದೆ.

“ಹೌದು,” ಎಂದ. “ಯಾರ್ದೋ ಎಕ್ಸ್‌ಟ್ರಾ ಕೈ ಅಂದ್ಕೊಂಡೆ. ಫ್ರೇಮಲ್ಲಿ ಅರ್ಧ ಕೈ ಇದ್ರೆ ಯಾರ್ ಇಟ್ಕೊತಾರೆ? ನೀನಿದ್ರೂ ತೆಗೀತಿದ್ದೆ.”

ತೆಗೆಯುತ್ತಿದ್ದೆ. ಅದು ನಮ್ಮ ಕಸುಬಿನ ರೂಢಿ. ಅಂಚಿನಲ್ಲಿ ಅಡುಗೆಯವರ ಕೈ, ಲೈಟಿನವರ ಮೊಣಕೈ, ಯಾರದೋ ಜಡೆ ಇಣುಕುತ್ತದೆ. ಕೈ ಯಾರದೆಂದು ವಿಚಾರಿಸುತ್ತ ಕೂರುವುದಿಲ್ಲ, ಒರೆಸಿಬಿಡುತ್ತೇವೆ. ಆದರೆ ಆ ಕೈಯ ಮನುಷ್ಯ ಮೂಲದಲ್ಲಿಯೂ ಇರಲಿಲ್ಲ. ಪ್ರಮೋದ ಕತ್ತರಿಸಿದ್ದು ಬೆರಳಿನ ಅಗಲದ ಒಂದು ಪಟ್ಟಿ ಮಾತ್ರ. ಮೂಲ ಫೈಲೇ ಹತ್ತೂ ಚಿಲ್ಲರೆ ಮೆಗಾಪಿಕ್ಸೆಲ್ ಇತ್ತು.

ಈಗ ಅನುಮಾನ ಪಡುವ ಸರದಿ ಪ್ರಮೋದನದು. ಅವನು ಆ ದಿನದ ಫೈಲುಗಳನ್ನು ಒಂದೊಂದಾಗಿ ಸರಿಸಿದ. ಎಲ್ಲ ಇಪ್ಪತ್ತನಾಲ್ಕು. ಗುಂಪು ಫೋಟೊಗೆ ಬಂದಾಗ ಹತ್ತು. ಅದರ ಮುಂದಿನದು ಹತ್ತು. ಮುಂದೆ ಮತ್ತೆ ಇಪ್ಪತ್ತನಾಲ್ಕು. ವಿವರಗಳ ಕೊನೆಯ ಸಾಲಿನ ಮೇಲೆ ಬಾಣದ ಗುರುತು ನಿಲ್ಲಿಸಿದ. ಅಲ್ಲಿ ಲೆನ್ಸಿನ ಹೆಸರಿರುತ್ತದೆ.

ನಾನು ಕುರ್ಚಿ ಎಳೆದು ಕೂತೆ.

ಆ ಭವನ ಚಿಕ್ಕದು. ಹತ್ತೊಂಬತ್ತು ಜನರನ್ನು ವೇದಿಕೆಯ ಮೇಲೆ ನಿಲ್ಲಿಸಿ ಹಿಂದೆ ಹಿಂದೆ ಸರಿದರೆ ನನ್ನ ಬೆನ್ನಿಗೆ ಗೋಡೆ ತಗುಲಿತ್ತು. ಫುಲ್ ಫ್ರೇಮಿಗೆಂದು ನಮ್ಮಲ್ಲಿದ್ದ ಲೆನ್ಸುಗಳಲ್ಲಿ ಎಲ್ಲರೂ ಹಿಡಿಸುತ್ತಿರಲಿಲ್ಲ. ಆಗ ಬ್ಯಾಗಿನಲ್ಲಿದ್ದ ಹಳೆಯ ಅಗಲದ ಲೆನ್ಸು ನೆನಪಾಯಿತು. ಅದು ಚಿಕ್ಕ ಕ್ಯಾಮೆರಾಗೆ ಮಾಡಿದ್ದು. ಚಿಕ್ಕದರಲ್ಲೇ ಅಷ್ಟು ಅಗಲ ಬರುವುದು ದೊಡ್ಡದರಲ್ಲಿ ಇನ್ನೂ ಅಗಲ ಬರಬೇಕಲ್ಲ ಎಂದು ಲೆಕ್ಕ ಹಾಕಿದೆ. ಹಾಕಿ ನೋಡಿದರೆ ಕಣ್ಣಿಗೆ ಕಂಡಿದ್ದೂ ಹಾಗೆಯೇ. ಮೂಲೆಗಳಲ್ಲಿ ಸ್ವಲ್ಪ ಕಪ್ಪು ಇತ್ತು, ಲೆನ್ಸು ತಿರುಗಿಸಿದೆ, ಅದೂ ಹೋಯಿತು. ಬುದ್ಧನಿಂದ ಹಿಡಿದು ಸಂಜೀವಯ್ಯನವರ ತನಕ ಎಲ್ಲ ಕಂಡಿತು. ನಡುವೆ ಒಂದು ತೆಳುವಾದ ಚೌಕದ ಗೆರೆ ಕಂಡಿತ್ತು. ಏನೋ ಅಳತೆಯ ಗೆರೆ ಇರಬೇಕು ಎಂದುಕೊಂಡೆ. ಎರಡು ಸಲ ಒತ್ತಿದೆ. ಬ್ಯಾಟರಿ ಉಳಿಯಲಿ ಎಂದು ತೆಗೆದ ತಕ್ಷಣ ಚಿತ್ರ ತೋರಿಸುವುದನ್ನು ಬೆಳಿಗ್ಗೆಯೇ ನಿಲ್ಲಿಸಿದ್ದೆ.

ಆ ಚೌಕವೇ ಫೋಟೊ. ಚಿಕ್ಕ ಲೆನ್ಸು ಹಾಕಿದ ಕೂಡಲೇ ಕ್ಯಾಮೆರಾ ಅದನ್ನು ಗುರುತು ಹಿಡಿದು, ದೊಡ್ಡ ಸೆನ್ಸರಿನ ನಡುವಿನ ಭಾಗ ಮಾತ್ರ ಬಳಸಿಕೊಂಡಿತ್ತು. ಒಳಗಿನ ಕನ್ನಡಿ ನನ್ನ ಕಣ್ಣಿಗೆ ಪೂರ್ತಿ ವೇದಿಕೆ ತೋರಿಸಿತು, ಸೆನ್ಸರು ಅದರ ನಡುವನ್ನು ಮಾತ್ರ ಇಟ್ಟುಕೊಂಡಿತು. ಫುಲ್ ಫ್ರೇಮ್ ಬೇಕೆಂದು ಹಟ ಹಿಡಿದ ನಾನೇ ಅದನ್ನು ಚಿಕ್ಕದು ಮಾಡಿದ್ದೆ.

ಪ್ರಮೋದ ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಇಯರ್‌ಫೋನ್ ಮತ್ತೆ ಹಾಕಿಕೊಂಡ. ಕ್ಷಮಿಸು ಎಂದು ನಾನು ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಮುನಿರಾಜು ಅವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರಿಗೆ ಲೆನ್ಸು, ಸೆನ್ಸರು ಯಾವುದೂ ಬೇಕಿರಲಿಲ್ಲ. ತಪ್ಪು ನಿಮ್ಮದು ತಾನೇ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಹಾಗಾದರೆ ಇದನ್ನು ಅಣ್ಣನಿಗೆ ನೀವೇ ಹೇಳಬೇಕು, ನಾನು ಹೇಳಿದರೆ ಹೇಳಿಕೊಟ್ಟ ಮಾತು ಅಂತಾರೆ ಎಂದರು.

ಆ ಭಾನುವಾರ ಕ್ಯಾಮೆರಾ, ಅದೇ ಲೆನ್ಸು ತೆಗೆದುಕೊಂಡು ಸಂಜೀವಯ್ಯನವರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಎತ್ತರದ, ಒಣಗಿದ ಮೈ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬಸ್ಸಿನ ಹಿಂಬಾಗಿಲಿಂದ ಚೆಕಿಂಗಿನವರು ಹತ್ತಿದಾಗ ಟಿಕೆಟ್ಟು ಕೈಯಲ್ಲಿದ್ದರೂ ಎದೆ ಹೊಡೆದುಕೊಳ್ಳುತ್ತದಲ್ಲ, ಹಾಗಾಯಿತು.

ಫೋಟೊ ಎಷ್ಟು ಹೊತ್ತಿಗೆ ತೆಗೆದಿದ್ದು ಎಂದು ಕೇಳಿದರು. ಹನ್ನೆರಡು ಇಪ್ಪತ್ತಕ್ಕೆ ಎಂದೆ. ಹೇಗೆ ಗೊತ್ತು ಎಂದರು. ಫೈಲಿನಲ್ಲಿ ಇದೆ ಎಂದೆ. ಫೈಲನ್ನು ತಿದ್ದಬಹುದಲ್ಲ ಎಂದರು. ಇಲ್ಲಿಗೆ ಬರಲು ಯಾರು ಹೇಳಿದ್ದು, ಮುನಿರಾಜು ಜೊತೆ ಯಾವಾಗ ಮಾತಾಡಿದೆ, ಎಷ್ಟು ನಿಮಿಷ ಮಾತಾಡಿದೆ ಎಂದು ಒಂದರ ಹಿಂದೆ ಒಂದು ಕೇಳಿದರು. ನಾನು ಲೆನ್ಸಿನ ಕಥೆ ಹೇಳಿದೆ. ಪೂರ್ತಿ ಕೇಳಿದರು, ನಡುವೆ ಬಾಯಿ ಹಾಕಲಿಲ್ಲ.

“ಮೂವತ್ತು ವರ್ಷ ಟಿಕೆಟ್ ಚೆಕ್ ಮಾಡಿದೀನಮ್ಮ,” ಎಂದರು ಆಮೇಲೆ. “ಗಾಳೀಗ್ ಹಾರೋಯ್ತು ಅಂದವ್ರುನ್ನ ನೋಡಿದೀನಿ. ಮಗು ತಿಂದ್ಬುಡ್ತು ಅಂದವ್ರುನ್ನ ನೋಡಿದೀನಿ. ಕಣ್ಣಿಗ್ ಕಾಣ್ಸಿದ್ದು ಫೋಟೊದಲ್ಲಿ ಬರ್ನಿಲ್ಲ ಅಂದವ್ಳು ನೀನೇ ಮೊದ್ಲು.”

ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟೆ. ಅಂಗಳವನ್ನು ನೋಡಿ, ಎರಡು ತುದಿಯಲ್ಲಿ ಏನೇನಿದೆ ಹೇಳಿ ಎಂದೆ. ಎಡಗಡೆ ನೀಲಿ ನೀರಿನ ಡ್ರಮ್ಮು, ಬಲಗಡೆ ಗೇಟು ಎಂದರು. ಒತ್ತಿ ಎಂದೆ. ಒತ್ತಿದರು. ಹಿಂದಿನ ಪರದೆಯಲ್ಲಿ ಚಿತ್ರ ಬಂತು. ಡ್ರಮ್ಮೂ ಇಲ್ಲ, ಗೇಟೂ ಇಲ್ಲ. ಅವರು ಕ್ಯಾಮೆರಾವನ್ನು ಕೆಳಗಿಳಿಸಿ, ಎದ್ದು ಹೋಗಿ ಡ್ರಮ್ಮನ್ನು ಕೈಯಿಂದ ಮುಟ್ಟಿ ಬಂದರು. ಮತ್ತೆ ತೆಗೆದರು. ಮತ್ತೆ ಇಲ್ಲ.

“ನೀನ್ ಹೋಗಿ ಗೇಟ್ ಹತ್ರ ನಿಂತ್ಕೊ,” ಎಂದರು.

ಹೋಗಿ ನಿಂತೆ. ಬಿಸಿಲಿಗೆ ಗೇಟಿನ ಕಬ್ಬಿಣ ಕಾದಿತ್ತು. ಅವರು ಕಣ್ಣಿಗೆ ಕ್ಯಾಮೆರಾ ಹಿಡಿದು ಬಹಳ ಹೊತ್ತು ನೋಡಿದರು. ಇನ್ನೂ ನೋಡಿದರು. ನಾನು ಫೋಟೊಗೆ ನಿಂತವರ ಹಾಗೆ ಮುಖ ಸರಿಮಾಡಿಕೊಂಡೆ, ಬರುವುದಿಲ್ಲ ಎಂದು ಗೊತ್ತಿದ್ದರೂ. ಕ್ಲಿಕ್ ಎಂಬ ಸದ್ದು ಅಲ್ಲಿಯ ತನಕ ಕೇಳಿಸಿತು. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ ತೋಳು ಚಾಚಿ ಹಿಡಿದರು.

“ಇಲ್ಲ ನೀನು.”

ಮೆನುವಿನಲ್ಲಿ ಸೆನ್ಸರು ಪೂರ್ತಿ ಬಳಸುವ ಆಯ್ಕೆ ಹಾಕಿ, ಅದೇ ಲೆನ್ಸಿನಲ್ಲಿ ಇನ್ನೊಮ್ಮೆ ತೆಗೆಯಿರಿ ಎಂದೆ. ಈ ಸಲ ಡ್ರಮ್ಮೂ ಬಂತು, ಗೇಟೂ ಬಂತು. ಅವರು ಎರಡು ಚಿತ್ರಗಳನ್ನು ಹಿಂದೆ ಮುಂದೆ ಮಾಡಿ ನೋಡಿ, ಕ್ಯಾಮೆರಾ ವಾಪಸು ಕೊಟ್ಟರು. ಒಪ್ಪಿದೆ ಎಂದರು. ನಿನ್ನ ಮೇಲೆ ಅನುಮಾನ ಇಲ್ಲ ಎಂದರು. ಆದರೆ ಅವರ ಪ್ರಶ್ನೆಗಳು ಮುಗಿದಿರಲಿಲ್ಲ. ಕ್ಯಾಮೆರಾ ತುದಿಯನ್ನು ಕತ್ತರಿಸಿತು ಸರಿ, ನನ್ನನ್ನು ತುದಿಯಲ್ಲಿ ನಿಲ್ಲಿಸಿದ್ದು ಯಾರು ಎಂದರು.

ನಾನೇ. ಅದನ್ನೂ ಹೇಳಿದೆ. ಅಗಲದ ಲೆನ್ಸು ಅಂಚಿನಲ್ಲಿ ನಿಂತವರನ್ನು ಅಡ್ಡಕ್ಕೆ ಎಳೆಯುತ್ತದೆ, ದಪ್ಪಗಿರುವವರು ಇನ್ನೂ ದಪ್ಪ ಕಾಣುತ್ತಾರೆ, ಆಮೇಲೆ ನಮ್ಮನ್ನು ಬಯ್ಯುತ್ತಾರೆ. ಅದಕ್ಕೇ ಗುಂಪಿನಲ್ಲಿ ಯಾರು ಸಣಕಲು ಎಂದು ನೋಡಿ ಅವರನ್ನು ತುದಿಗೆ ಹಾಕುತ್ತೇವೆ. ಅವತ್ತು ಹತ್ತೊಂಬತ್ತು ಜನರಲ್ಲಿ ನೀವೇ ಸಣಕಲು ಎಂದೆ. ಯಾರೂ ಹೇಳಿಕೊಡಲಿಲ್ಲ.

ಅವರು ತಮ್ಮ ಮಣಿಕಟ್ಟನ್ನು ಇನ್ನೊಂದು ಕೈಯ ಎರಡು ಬೆರಳಲ್ಲಿ ಸುತ್ತಿ ನೋಡಿಕೊಂಡರು. ಬೆರಳುಗಳು ಸಲೀಸಾಗಿ ಸೇರಿದವು. ಸ್ವಲ್ಪ ನಕ್ಕರು ಕೂಡ.

ಇದೇ ಸಮಯ ಎಂದುಕೊಂಡು, ಅಜ್ಜಿ ಕಾಯುತ್ತಿದ್ದಾರೆ, ಇನ್ನು ನೀವು ಆ ಮನೆಗೆ ಹೋಗಬಹುದಲ್ಲ ಅಂಕಲ್ ಎಂದೆ. ಮುನಿರಾಜು ಅಂಕಲ್‌ಗೆ ಇದರಲ್ಲಿ ಏನೂ ಗೊತ್ತಿರಲಿಲ್ಲ ಎಂದೆ.

“ಅದೇನೋ ಹೌದು,” ಎಂದರು. “ಅವ್ನಿಗ್ ಗೊತ್ತೇ ಇರ್ನಿಲ್ಲ.”

ಆ ಮಾತು ಹೇಳಿದ ರೀತಿ ನನಗೆ ಅರ್ಥವಾಗಲಿಲ್ಲ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಪ್ರಿಂಟು ಕೊಡುವ ಮೊದಲು ಫೋನಿಗೆ ಕಳಿಸಿದ್ದಿರಲ್ಲ, ಮುನಿರಾಜು ಏನಂತ ಉತ್ತರ ಕೊಟ್ಟ ಎಂದು ಕೇಳಿದರು. ಪ್ರಮೋದ ಸ್ಟುಡಿಯೊದ ನಂಬರಿನಿಂದ ಕಳಿಸಿದ್ದ, ಆ ಉತ್ತರ ನನ್ನ ಫೋನಿನಲ್ಲೂ ಇತ್ತು. ಸುಳ್ಳು ಹೇಳಬಹುದಿತ್ತು. ಓದಿದೆ: ಸೂಪರ್, ಎಲ್ಲಾರೂ ಚೆನ್ನಾಗ್ ಬಂದಿದೀವಿ, ಇದನ್ನೇ ದೊಡ್ಡದು ಮಾಡಿ.

“ಗೋಡೆ ಮೇಲ್ ಹಾಕಿದ್ ಮೊದಲ್ನೇ ದಿನಾನೇ ನಾನ್ ನೋಡ್ದೆ,” ಎಂದರು ಸಂಜೀವಯ್ಯ. “ನಾನಿಲ್ಲ ಅದ್ರಲ್ಲಿ. ಬಾಯ್ ಬಿಡ್ನಿಲ್ಲ. ಯಾರಾದ್ರೂ ಒಬ್ರು ಹೇಳ್ತಾರೆ ಅಂತ ಕಾದೆ. ದಿನಾ ಹೋಗ್ತಿದ್ದೆ, ಅದರ ಕೆಳಗೇ ಕೂತ್ಕಂಡು ತಿಂತಿದ್ದೆ. ತಮ್ಮ ನೋಡ್ತಿದ್ದ, ಹುಡುಗ ನೋಡ್ತಿದ್ದ, ಬಂದವ್ರಿಗೆಲ್ಲ ತೋರಿಸ್ತಿದ್ರು. ಹನ್ನೊಂದ್ ದಿನ ಕಣಮ್ಮ. ಕೊನೆಗೆ ಕಣ್ ಕಾಣ್ದಿರೋ ಮುದ್ಕಿ ಎಣಿಸ್ಬೇಕಾಯ್ತು.”

ಹಾಗಾದರೆ ಬೇಕೆಂದು ಕತ್ತರಿಸಿದರು ಎಂದು ಯಾಕೆ ಹೇಳಿ ಕಳಿಸಿದಿರಿ ಎಂದು ಕೇಳಿದೆ.

ಅದು ವಾಸಿ ಅಂತ, ಎಂದರು ಅವರು. ಬೇಕಂತಲೇ ಕತ್ತರಿಸಬೇಕು ಅಂದರೆ ಮೊದಲು ನನ್ನನ್ನು ನೋಡಿರಬೇಕಲ್ಲ. ನೀನು ಬಂದು ಆ ಅನುಮಾನವನ್ನೂ ಕಿತ್ತುಕೊಂಡೆ.

ಕ್ಯಾಮೆರಾವನ್ನು ಬ್ಯಾಗಿನೊಳಗೆ ಹಾಕಿದೆ. ಎಲ್ಲರನ್ನೂ ಮತ್ತೊಮ್ಮೆ ಅದೇ ಭವನಕ್ಕೆ ಕರೆದು, ಅದೇ ಬಟ್ಟೆಯಲ್ಲಿ ನಿಲ್ಲಿಸಿ ತೆಗೆಯು­ತ್ತೇನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎರಡು ಮನೆಗಳ ನಡುವಿನ ಓಣಿಯಿಂದ ಮುನಿರಾಜು ಬರುವುದು ಕಂಡಿತು. ಎರಡು ಕೈಯಲ್ಲಿ ದೊಡ್ಡದೊಂದು ಚೌಕಟ್ಟು, ಮೇಲೆ ಹಳೆಯ ಪೇಪರು ಸುತ್ತಿತ್ತು. ಅವರ ಹಿಂದೆ ಸುಮೇಧ ಅಜ್ಜಿಯ ಕೈ ಹಿಡಿದುಕೊಂಡು ನಿಧಾನವಾಗಿ ನಡೆಸಿಕೊಂಡು ಬರುತ್ತಿದ್ದ.

ಮುನಿರಾಜು ಜಗಲಿಯ ಕೆಳಗೇ ನಿಂತು ಪೇಪರು ಬಿಚ್ಚಿದರು. ಹನುಮಂತನಗರದಲ್ಲಿ ಕಟ್ಟು ಹಾಕಿಸಿಕೊಂಡು ಬಂದಿದ್ದರು. ಚಿನ್ನದ ಬಣ್ಣದ ಅಂಚು, ಒಳ್ಳೆಯ ಗಾಜು. ನನಗೆ ಹೇಳದೆ ಪ್ರಮೋದನಿಗೆ ಫೋನು ಮಾಡಿ ಮಾಡಿಸಿದ್ದರು, ಪ್ರಮೋದನೂ ನನಗೆ ಹೇಳಿರಲಿಲ್ಲ. ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು. ಪಂಚಶೀಲ ಹೇಳಿಸುವಾಗ ತೆಗೆದ ಚಿತ್ರದಿಂದ ಸಂಜೀವಯ್ಯನವರನ್ನು ಬಿಡಿಸಿ ತಂದು, ತೆರೆದಿದ್ದ ಬಾಯಿ ಮುಚ್ಚಿಸಿ, ಕೊನೆಯ ಸಾಲಿನಲ್ಲಿ ನಿಲ್ಲಿಸಿದ್ದ. ಬಲತುದಿಯಲ್ಲಲ್ಲ. ನಟ್ಟನಡುವೆ, ತಮ್ಮನ ಹೆಗಲಿನ ಹಿಂದೆ. ಉಳಿದವರೆಲ್ಲ ಒಂದೊಂದು ಗೇಣು ಸರಿದು ಜಾಗ ಬಿಟ್ಟ ಹಾಗಿತ್ತು. ಎಡಗಡೆ ಬುದ್ಧನೂ ಬಂದಿದ್ದ. ಎಲ್ಲಿಯೂ ಒಂದು ಗೆರೆ ಕಾಣುತ್ತಿರಲಿಲ್ಲ. ಇದು ಹೀಗಿರಲಿಲ್ಲ ಎಂದು ಗೊತ್ತಿದ್ದ ನನಗೇ ಒಂದು ಕ್ಷಣ, ಹೀಗೇ ಇತ್ತೇನೋ ಅನ್ನಿಸಿತು.

“ನೋಡಣ್ಣ,” ಎಂದರು ಮುನಿರಾಜು. ಅವರ ದನಿಯಲ್ಲಿ ಕಪಟ ಇರಲಿಲ್ಲ. “ಮಧ್ಯದಾಗೇ ಹಾಕ್ಸಿದೀನಿ. ನೀನೇ ಬಂದು ನಿನ್ ಕೈಯಾರೆ ಗೋಡೇಗ್ ಹಾಕು. ಅಮ್ಮ ಒಬ್ಬಟ್ ಮಾಡ್ಸವ್ಳೆ.”

ಸಂಜೀವಯ್ಯ ಕನ್ನಡಕ ಹಾಕಿಕೊಂಡರು. ಚೌಕಟ್ಟನ್ನು ಕೈಗೆ ತೆಗೆದುಕೊಳ್ಳದೆ, ಬಗ್ಗಿ, ಅದರಲ್ಲಿದ್ದ ತಮ್ಮ ಮುಖವನ್ನು ನೋಡಿದರು. ಯಾರದೋ ಟಿಕೆಟ್ಟು ನೋಡುವ ಹಾಗೆ, ತಾರೀಕು, ಹತ್ತಿದ ಜಾಗ, ಇಳಿಯುವ ಜಾಗ ಎಲ್ಲ ಓದುವಷ್ಟು ಹೊತ್ತು ನೋಡಿದರು. ಓಣಿಯ ಬಾಯಲ್ಲಿ ಗೋವಿಂದಮ್ಮ ಮೊಮ್ಮಗನ ತೋಳು ಹಿಡಿದು ನಿಂತಿದ್ದರು.

“ಬೇಡ,” ಎಂದರು ಸಂಜೀವಯ್ಯ. “ನಾನ್ ನಿಂತಿದ್ದು ತುದೀಲಿ. ತಗಂಡೋಗು.”